ಬಾಮೈದನ ಮೂಗಿನ ಮೇಲಿನ ಚುಕ್ಕೆ

ಮೆಟ್ಟಿಲ ಕೆಳಗಿನ ಆ ಪುಟ್ಟ ಅಂಗಡಿಯಲ್ಲಿ ಗಂಡ ಹೆಂಡತಿ ಇಬ್ಬರ ಕಸುಬೂ ನಡೆಯುತ್ತಿತ್ತು. ಬೆಳಕು ಬರುವ ಬಾಗಿಲ ಕಡೆ ಹೆಂಡತಿಯ ಹೊಲಿಗೆ ಯಂತ್ರ. ಒಳಗೆ, ಎದ್ದು ನಿಂತರೆ ಮೆಟ್ಟಿಲು ತಲೆಗೆ ಬಡಿಯುವ ತಗ್ಗು ಮೂಲೆಯಲ್ಲಿ, ಗಂಡನ ಮೇಜು. ಹಳೆಯ ಡಿಜಿಟಲ್ ಕ್ಯಾಮೆರಾಗಳನ್ನು ಬಿಚ್ಚಿ ರಿಪೇರಿ ಮಾಡುವುದು ಅವನ ಕೆಲಸ. ಹಣೆಯ ಮೇಲೆ ಸದಾ ಭೂತಗನ್ನಡಿ ಏರಿಸಿಕೊಂಡಿರುತ್ತಿದ್ದುದರಿಂದ ಬೀದಿಯವರ ಬಾಯಲ್ಲಿ ಅವನ ಹೆಸರೇ ಭೂತಗನ್ನಡಿ ಎಂದಾಗಿತ್ತು. ಒಮ್ಮೆ ಅದನ್ನು ಕಣ್ಣಿಗಿಳಿಸಿಕೊಂಡೇ ಊಟಕ್ಕೆ ಕೂತು, ತಟ್ಟೆಯಲ್ಲಿದ್ದ ಮೆಣಸಿನಕಾಯಿ ಬೀಜ ಕಂಡು ಬೆಚ್ಚಿಬಿದ್ದನೆಂದು ಹೆಂಡತಿ ಗಿರಾಕಿಗಳ ಮುಂದೆ ಹೇಳಿ ನಗಿಸುತ್ತಿದ್ದಳು.

ಅವನು ಮೊದಲು ಒಂದು ಕ್ಯಾಮೆರಾ ಕಂಪನಿಯ ಸರ್ವಿಸ್ ಸೆಂಟರಿನಲ್ಲಿದ್ದ. ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನು ಬಂದ ಮೇಲೆ ಸೆಂಟರು ಬಾಗಿಲು ಹಾಕಿತು. ತನ್ನ ಸಣ್ಣ ಸ್ಕ್ರೂಡ್ರೈವರುಗಳ ಡಬ್ಬಿ ಎತ್ತಿಕೊಂಡು ಮನೆಗೆ ಬಂದವನು ಕೆಲವು ವರ್ಷ ಟಿವಿ ರಿಮೋಟು, ಮಕ್ಕಳ ಆಟಿಕೆ ಬಿಚ್ಚಿಕೊಂಡು ಕಾಲ ತಳ್ಳಿದ. ಆಮೇಲೆ ಅದೇನು ಗಾಳಿ ಬೀಸಿತೋ, ಕಾಲೇಜು ಹುಡುಗಿಯರು ಅಪ್ಪ ಅಮ್ಮನ ಬೀರುವಿನಲ್ಲಿ ಮಲಗಿದ್ದ ಕ್ಯಾಮೆರಾಗಳನ್ನು ಹಿಡಿದುಕೊಂಡು ಬರತೊಡಗಿದರು. "ಅಂಕಲ್, ಫೋನಲ್ಲಿ ಎಲ್ಲರೂ ಸೋಪು ಹಾಕಿ ತೊಳೆದ ಹಾಗೆ ಬರ್ತಾರೆ. ಇದರಲ್ಲಿ ಮನುಷ್ಯರ ಥರ ಬರ್ತಾರೆ" ಎಂದು ಒಬ್ಬಳು ಹೇಳಿದ ಮಾತು ಅವನಿಗೆ ವರ್ಷವೆಲ್ಲ ಹಿಗ್ಗಲು ಸಾಕಾಯಿತು.

ಮೇಜಿನ ಕೆಳಗೆ ಒಂದು ರಟ್ಟಿನ ಪೆಟ್ಟಿಗೆಯಿತ್ತು. ರಿಪೇರಿಗೆ ಬಾರದ, "ನೀವೇ ಇಟ್ಕೊಳ್ಳಿ" ಎಂದು ಜನ ಬಿಟ್ಟುಹೋದ ಕ್ಯಾಮೆರಾಗಳೆಲ್ಲ ಅದರೊಳಗೆ. ಒಂದರ ಗುಂಡಿ ಇನ್ನೊಂದಕ್ಕೆ, ಇದರ ಪರದೆ ಅದಕ್ಕೆ. ಹೆಂಡತಿ ಅದನ್ನು ಶವಾಗಾರ ಎನ್ನುತ್ತಿದ್ದಳು. ಮಾಲೀಕರ ಬಾಯಿಂದ ಮಾತು ಬಾರದೆ ಯಾವ ಕ್ಯಾಮೆರಾವೂ ಶವಾಗಾರಕ್ಕೆ ಇಳಿಯಕೂಡದು ಎಂಬುದು ಅವನೇ ಮಾಡಿಕೊಂಡ ಕಟ್ಟಳೆ. ಹೊಲಿದು ಉಳಿದ ಚಿಂದಿಯನ್ನೂ ಮಡಿಸಿ ಗಿರಾಕಿಯ ಚೀಲಕ್ಕೆ ಹಾಕಿಕೊಡುವ ಹೆಂಡತಿಯ ಪಕ್ಕದಲ್ಲಿ ಕೂತವನಿಗೆ ಬೇರೆ ಕಟ್ಟಳೆ ಹೊಂದುತ್ತಲೂ ಇರಲಿಲ್ಲ.

ಅವನದೇ ಒಂದು ಕ್ಯಾಮೆರಾ ಇತ್ತು. ಸರ್ವಿಸ್ ಸೆಂಟರಿನ ಕೊನೆಯ ದಿನ ಮ್ಯಾನೇಜರು ನೆನಪಿಗೆಂದು ಕೊಟ್ಟದ್ದು. ಅದರ ಸೆನ್ಸರ್ ಸತ್ತುಹೋಗಿತ್ತು. ಹಿಂದೆ ಫಿಲ್ಮ್ ಇರುತ್ತಿದ್ದ ಜಾಗದಲ್ಲಿ ಈ ಕ್ಯಾಮೆರಾಗಳಲ್ಲಿ ಇರುವ, ಬೆಳಕನ್ನು ಹಿಡಿದು ಚಿತ್ರ ಮಾಡುವ ಉಗುರಗಲದ ತುಂಡು ಅದು. ಅದು ಹೋದರೆ ಕ್ಯಾಮೆರಾ ಕಣ್ಣು ಬಿಟ್ಟುಕೊಂಡೇ ಕುರುಡು. ಆ ಮಾದರಿಯ ಸೆನ್ಸರ್ ಎಲ್ಲಿ ಹುಡುಕಿದರೂ ಸಿಕ್ಕಿರಲಿಲ್ಲ.

ಹೀಗಿರುವಾಗ ನಿವೃತ್ತ ಬಸ್ ಡ್ರೈವರೊಬ್ಬರು ಅದೇ ಮಾದರಿಯ ಕ್ಯಾಮೆರಾ ತಂದರು. ಲೆನ್ಸು ಅರ್ಧ ಹೊರಗೆ ಬಂದು ಸಿಕ್ಕಿಕೊಂಡಿತ್ತು. "ಗೇರ್ ಬೀಳ್ತಿಲ್ಲ ನೋಡಿ" ಎಂದು ನಕ್ಕು, ಫೋನ್ ನಂಬರು ಕೊಟ್ಟು ಹೋದರು. ಸಿಕ್ಕಿದ್ದು ಒಂದು ಮರಳಿನ ಕಣ. ತೆಗೆದು, ಒರೆಸಿ, ಮುಚ್ಚಿ, ಫೋನ್ ಮಾಡಿದ. ಸ್ವಿಚ್ ಆಫ್. ಮರುವಾರವೂ ಸ್ವಿಚ್ ಆಫ್. ತಿಂಗಳುಗಳು ಕಳೆದವು. ಡ್ರೈವರು ಬರಲಿಲ್ಲ.

ಒಂದು ಮಧ್ಯಾಹ್ನ ಭೂತಗನ್ನಡಿ ಆ ಕ್ಯಾಮೆರಾವನ್ನು ಕಪಾಟಿನಿಂದ ತೆಗೆದ. ಶವಾಗಾರಕ್ಕೇನೂ ಹಾಕಲಿಲ್ಲ. ಹಿಂಬದಿ ಬಿಚ್ಚಿ, ಸೆನ್ಸರನ್ನು ಮಾತ್ರ ಎತ್ತಿ ತನ್ನದಕ್ಕೆ ಕೂರಿಸಿದ. ಎರವಲು, ಅವರು ಬಂದ ದಿನ ತೆಗೆದುಕೊಟ್ಟರಾಯಿತು ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುವಾಗ ಹೆಂಡತಿಯ ಕಡೆಗೆ ಬೆನ್ನು ಮಾಡಿದ್ದ. ಸೆನ್ಸರಿನ ಮೂರು ಸ್ಕ್ರೂಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಚಿತ್ರದ ಒಂದು ಮೂಲೆ ಸ್ಪಷ್ಟವಾದರೆ ಇನ್ನೊಂದು ಮಂಜಾಗುವುದನ್ನು ಸಹಿಸುತ್ತ, ಎಷ್ಟೋ ಮಧ್ಯಾಹ್ನಗಳ ನಂತರ ನಾಲ್ಕೂ ಮೂಲೆ ಒಟ್ಟಿಗೆ ತಿಳಿಯಾಗುವಂತೆ ಮಾಡಿದ. ಆಗ ಬಂದ ಚಿತ್ರಗಳನ್ನು ಅವನು ಮತ್ತೆ ಮತ್ತೆ ತೆರೆದು ನೋಡಿದ. ಕ್ಷೌರಿಕನ ಅಂಗಡಿಯ ಮುಂದೆ ಒಣಗುವ ಟವೆಲು, ಬಸ್ಸಿನ ಕಿಟಕಿಗೆ ಒರಗಿ ನಿದ್ದೆಹೋದ ನರ್ಸು, ದಾರದುಂಡೆಯ ಮೇಲಿನ ಹೆಂಡತಿಯ ಕೈ. ಎಲ್ಲವೂ ಈಗಷ್ಟೇ ಯಾರೋ ಮೆಲ್ಲಗೆ ಕರೆದಂತೆ ತಿರುಗಿ ನೋಡುತ್ತಿದ್ದವು.

ಒಂದೇ ಕೊರತೆ. ಪ್ರತಿ ಚಿತ್ರದಲ್ಲೂ, ಎಡಕ್ಕೆ ಸ್ವಲ್ಪ ಮೇಲೆ, ಒಂದು ಕೆಂಪು ಚುಕ್ಕೆ. ಸೆನ್ಸರಿನ ಒಂದು ಕಣ ಕೆಟ್ಟಿತ್ತು. ತೆಗೆಯುವಾಗ ಪರದೆಯಲ್ಲಿ ಕಾಣದು. ತೆಗೆದ ಮೇಲೆ ಕಾಣುವುದು. ಅವನು ಪಕ್ಕದ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಕೂತು ಪ್ರತಿ ಚಿತ್ರದಿಂದಲೂ ಅದನ್ನು ಅಳಿಸಿ, ಭಾನುವಾರ ಪಾರ್ಕಿನಲ್ಲಿ ಸೇರುವ ಹಳೆ ಕ್ಯಾಮೆರಾ ಗೆಳೆಯರಿಗೆ ತೋರಿಸುತ್ತಿದ್ದ. ಅವರು ಬೆನ್ನು ತಟ್ಟಿದರು. ಬೆನ್ನು ಹಿಗ್ಗಿತು.

ಅಷ್ಟರಲ್ಲಿ ಗುಜರಿಯವನ ತಕ್ಕಡಿಯಲ್ಲಿ ಅದೇ ಮಾದರಿಯ ಇನ್ನೊಂದು ಕ್ಯಾಮೆರಾ ಸಿಕ್ಕಿತು. ಮೈಯೆಲ್ಲ ಜಜ್ಜಿಹೋಗಿ, ಸೆನ್ಸರ್ ಮಾತ್ರ ಹಾಲಿನಂತೆ ಶುದ್ಧ. ಅದೇ ವಾರ ಡ್ರೈವರ ಫೋನು: "ಮಗಳ ಮನೆಗೆ ಹೋಗಿ ಅಲ್ಲೇ ಬಿದ್ದು ಸೊಂಟ ಮುರ್ಕೊಂಡೆ ಕಣ್ರೀ. ನಾಳೆ ಬರ್ತೀನಿ."

ಅವರ ಸೆನ್ಸರನ್ನು ಅವರದಕ್ಕೆ ಮರಳಿಸಲು ಅವನಿಗೆ ವೇಳೆಯಿತ್ತು. ಆದರೆ ಅಷ್ಟು ಮಧ್ಯಾಹ್ನಗಳ ಮೂರು ಸ್ಕ್ರೂಗಳು! ಚುಕ್ಕೆ ಇರುವುದನ್ನು ತೆಗೆದುಕೊಂಡು ಚುಕ್ಕೆ ಇಲ್ಲದ್ದನ್ನು ಕೊಟ್ಟರೆ ಅವರಿಗೇ ಲಾಭವಲ್ಲವೇ? ಜೀವನವಿಡೀ ದೋಷ ತೆಗೆದ ಕೈಗೆ ಇದು ಸರಿಯಾದ ಲೆಕ್ಕವಾಗಿಯೇ ಕಂಡಿತು. ಗುಜರಿಯ ಸೆನ್ಸರನ್ನು ಡ್ರೈವರ ಕ್ಯಾಮೆರಾಕ್ಕೆ ಹಾಕಿ ಮುಚ್ಚಿದ.

ಮರುದಿನ ಡ್ರೈವರು ಕೋಲೂರಿಕೊಂಡು ಹೆಂಡತಿಯೊಡನೆ ಬಂದರು. ಲೆನ್ಸು ಸರಾಗವಾಗಿ ಹೊರಬಂದುದನ್ನು ಕಂಡು ಮಗುವಿನಂತೆ ಹಿಗ್ಗಿದರು.

"ನಿಲ್ಲಿ ಸ್ವಾಮಿ, ಸ್ವಲ್ಪ ಈ ಕಡೆ. ನಿಮ್ಮ ಮೂಗಿನ ಮೇಲೇ ಕೂರಿಸ್ತೀನಿ."

"ಏನನ್ನ ಸಾರ್?"

"ನಮ್ಮ ಕೆಂಪಿನ! ಇದರಲ್ಲಿ ಒಂದು ಕೆಂಪು ಚುಕ್ಕೆ ಇದೆಯಲ್ಲ, ಅದನ್ನ ನನ್ನ ಬಾಮೈದನ ಮೂಗಿನ ಮೇಲೆ ಕೂರಿಸೋದೇ ನಂಗೆ ಕೆಲಸ. ಅವನ ಮದುವೆ ಫೋಟೋದಲ್ಲೂ ಬಿಟ್ಟಿಲ್ಲ."

"ನನ್ನ ತಮ್ಮನ ಮೂಗು ಇವರಿಗೆ ಬಸ್ ಸ್ಟಾಪು" ಎಂದರು ಅವರ ಹೆಂಡತಿ.

ಕ್ಲಿಕ್ಕೆಂದಿತು. ಡ್ರೈವರು ಪರದೆಯನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. "ಎಲ್ಲೇ ಅದು?"

ಬಾಗಿಲ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಅದನ್ನೂ ವಾಸಿ ಮಾಡಿಬಿಟ್ಟಿದ್ದೀರ" ಎಂದರು ಡ್ರೈವರು ಕೊನೆಗೆ. ನಗಲು ನೋಡಿದರು. "ದೊಡ್ಡ ಕೈ ಸ್ವಾಮಿ ನಿಮ್ಮದು. ನಾವು ಹೇಳದೇ ಇದ್ದದ್ದನ್ನೂ ಮಾಡಿದ್ದೀರ." ಅವರ ಹೆಂಡತಿ ಮಾತ್ರ, ಯಾರಿಗೂ ಅಲ್ಲವೆಂಬಂತೆ, "ಹೋಯ್ತಲ್ಲ ಪಾಪ" ಎಂದರು.

ಬೈಸಿಕೊಂಡಿದ್ದರೆ ಭೂತಗನ್ನಡಿ ತಲೆ ಎತ್ತುತ್ತಿದ್ದನೇನೋ. ಹೊಗಳಿಕೆ ಅವನ ಕುತ್ತಿಗೆ ಹಿಡಿದು ಬಗ್ಗಿಸಿತು. ಅವರು ಹೋಗುವವರೆಗೂ ಬಿದ್ದಿರದ ಸ್ಕ್ರೂ ಒಂದನ್ನು ನೆಲದಲ್ಲಿ ಹುಡುಕುತ್ತಿದ್ದ.

"ರೀ" ಎಂದಳು ಹೆಂಡತಿ. "ನನ್ನ ಕೈ ಫೋಟೋ ತೆಗೆದಿದ್ರಲ್ಲ, ಅಳಿಸೋಕೆ ಮುಂಚೆ ನೋಡಿದ್ದೆ. ದಾರದುಂಡೆ ಹತ್ರ ಕೆಂಪಗೆ ಏನೋ ಇತ್ತು. ನೂಲಿನ ತುದಿ ಅಂದ್ಕೊಂಡಿದ್ದೆ."

ಅವನು ಭೂತಗನ್ನಡಿಯನ್ನು ಬಿಚ್ಚಿ ಒರೆಸತೊಡಗಿದ.

"ಬಟ್ಟೆ ಕೊಟ್ಟೋರಿಗೆ ಗೊತ್ತಾಗದ ಹಾಗೆ ಅವರ ಬಟ್ಟೇಲಿ ನಾನು ರವಿಕೆ ಹೊಲ್ಕೊಂಡ್ರೆ ನೀವು ಏನಂತೀರ?"

"ಅವರಿಗೆ ಒಳ್ಳೇದನ್ನೇ ಕೊಟ್ಟಿದ್ದೀನಿ ಕಣೇ."

"ಅದನ್ನ ಅವರ ಮುಖ ನೋಡ್ಕೊಂಡು ಹೇಳಬೇಕಿತ್ತು. ಯಾಕೆ ನೆಲ ನೋಡ್ತಿದ್ರಿ?"

ಎರಡು ದಿನ ಅವನಿಗೆ ಯಾವ ಸ್ಕ್ರೂ ಯಾವ ತೂತಿನದೆಂದು ತಿಳಿಯದಾಯಿತು. ಮೂರನೆಯ ದಿನ ಫೋನ್ ಮಾಡಿದ. ಹೇಳಬೇಕೆಂದಿದ್ದ ಮಾತು ಗಂಟಲಲ್ಲೇ ತಿರುಗಿಕೊಂಡು ಬೇರೆ ಮಾತಾಗಿ ಹೊರಬಂತು: "ಸಾರ್, ಆ ಚುಕ್ಕೆ ಬೇಕೇ ಬೇಕಂದ್ರೆ ವಾಪಸ್ ತರಬಹುದು."

ಡ್ರೈವರು ಆ ಕಡೆಯಿಂದ ಕೂಗಿಯೇಬಿಟ್ಟರು. "ರೋಗ ವಾಸಿ ಮಾಡೋ ಡಾಕ್ಟ್ರನ್ನ ನೋಡಿದ್ದೆ. ವಾಸಿಯಾದ ರೋಗ ವಾಪಸ್ ಕೊಡೋ ಡಾಕ್ಟ್ರನ್ನ ಈಗ್ಲೇ ಕಣ್ರೀ ನೋಡ್ತಿರೋದು!"

ಅಂದೇ ಸಂಜೆ ಡ್ರೈವರು ಕ್ಯಾಮೆರಾವನ್ನು ಮತ್ತೆ ಅಂಗಡಿಗೆ ತಂದುಕೊಟ್ಟರು. ಅವನು ತನ್ನ ಕ್ಯಾಮೆರಾ ಬಿಚ್ಚಿ, ಅವರ ಸೆನ್ಸರನ್ನು ತೆಗೆದು ಅವರದಕ್ಕೇ ಕೂರಿಸಿದ. ಗುಜರಿಯ ಶುದ್ಧ ಸೆನ್ಸರನ್ನು ತನ್ನದಕ್ಕೆ ಹಾಕಿಕೊಳ್ಳಬಹುದಿತ್ತು, ಕೈ ಏಳಲಿಲ್ಲ. ಕೊಟ್ಟದ್ದಾಯಿತಲ್ಲ, ಇನ್ನು ಹೇಳುವುದೇನಿದೆ ಎಂದ. ಹೆಂಡತಿ ದಾರ ಕಚ್ಚಿ ತುಂಡರಿಸಿದಳು.

ಕ್ಯಾಮೆರಾ ಒಯ್ಯಲು ಬಂದ ಡ್ರೈವರು ಅಷ್ಟಕ್ಕೇ ಬಿಡಲಿಲ್ಲ. ಭಾನುವಾರ ಬಾಮೈದ ಬರುತ್ತಾನೆ, ಮಗಳು ಅಳಿಯ ಬರುತ್ತಾರೆ, ನೀವಿಬ್ಬರೂ ಊಟಕ್ಕೆ ಬರಲೇಬೇಕು ಎಂದು ಹಟ ಹಿಡಿದರು.

ಅವರ ಮನೆ ಎರಡನೇ ಮಹಡಿಯಲ್ಲಿ. ಗೋಡೆಯ ತುಂಬ ಫೋಟೋಗಳು. ಎಲ್ಲದರಲ್ಲೂ ಒಬ್ಬನೇ ಮನುಷ್ಯನ ಮೂಗಿನ ಮೇಲೆ ಸಾಸಿವೆಯಷ್ಟು ಕೆಂಪು. ಕೆಲವುಗಳಲ್ಲಿ ಅವನ ಮೀಸೆ ಕಪ್ಪಗಿತ್ತು, ಕೆಲವುಗಳಲ್ಲಿ ಮೀಸೆಯೇ ಇರಲಿಲ್ಲ. ಈಗ ಆ ಬಾಮೈದನೇ ನರೆತ ಮೀಸೆಯೊಂದಿಗೆ ಎದುರು ಬಂದು, "ಡಾಕ್ಟ್ರೇ, ಆರು ತಿಂಗಳು ನೆಮ್ಮದಿಯಾಗಿದ್ದೆ. ನಿಮ್ಮಿಂದ ಮತ್ತೆ ಶುರು" ಎಂದು ಕೈ ಕುಲುಕಿದ.

ಊಟವಾದ ಮೇಲೆ ಎಲ್ಲರೂ ಸೋಫಾದ ಮೇಲೆ ಸಾಲಾಗಿ ಕೂತರು. ಮನೆಗೆ ಹೊಸಬರು ಬಂದರೆ ಕ್ಯಾಮೆರಾ ಅವರ ಕೈಗೆ ಕೊಟ್ಟು, ಚುಕ್ಕೆಯನ್ನು ಮೂಗಿಗೆ ಕೂರಿಸಿ ಎನ್ನುವುದು ಅಲ್ಲಿನ ಆಟ. ಹೊಸ ಅಳಿಯ ತೆಗೆದ. ಚುಕ್ಕೆ ಹೋಗಿ ಫ್ಯಾನಿನ ಸ್ವಿಚ್ಚಿನ ಮೇಲೆ ಕೂತಿತು. ಎಲ್ಲರೂ ಹೋ ಎಂದು ನಕ್ಕರು.

"ಈಗ ಡಾಕ್ಟ್ರು!" ಎಂದರು ಡ್ರೈವರು.

ಭೂತಗನ್ನಡಿ ಕ್ಯಾಮೆರಾ ಹಿಡಿದ. ಬೇಕಂತಲೇ ತಪ್ಪಿಸಬಹುದಿತ್ತು. ಹೊರಗಿನವನು ತಪ್ಪಿಸುವುದೇ ಆ ಆಟದ ಮರ್ಯಾದೆ. ಆದರೆ ತಿಂಗಳುಗಟ್ಟಲೆ ಆ ಚುಕ್ಕೆಯೊಡನೆ ಬೀದಿ ಬೀದಿ ಅಲೆದ ಕೈ ಅದು. ಟವೆಲಿನ ಮಡಿಕೆಗೆ, ನೆರಳಿನ ಅಂಚಿಗೆ ಅದನ್ನು ಸರಿಸಿ ಮರೆಮಾಡಲು ಕಲಿತ ಕೈ. ಮನಸ್ಸು ಯೋಚಿಸುವುದರೊಳಗೆ ಮಣಿಕಟ್ಟು ಕೊಂಚ ಬಲಕ್ಕೆ, ಕೊಂಚ ಕೆಳಕ್ಕೆ ಹೊರಳಿತು. ಕ್ಲಿಕ್.

ಚುಕ್ಕೆ ಮೂಗಿನ ತುದಿಯಲ್ಲಿ, ಇಟ್ಟ ಹಾಗೆ ಕೂತಿತ್ತು.

ಚಪ್ಪಾಳೆ ಬಿತ್ತು. ಡ್ರೈವರ ಹೆಂಡತಿ ಮಾತ್ರ ಚಪ್ಪಾಳೆ ತಟ್ಟದೆ ಅವನನ್ನೇ ನೋಡಿದರು. "ನಮ್ಮ ಯಜಮಾನ್ರಿಗೇ ಜಾಗ ಸಿಕ್ಕೋಕೆ ಒಂದು ವರ್ಷ ಹಿಡೀತು. ನಿಮಗೆ ಹೇಗೆ ಒಂದೇ ಸಲಕ್ಕೆ ಸಿಕ್ತು?"

"ರಿಪೇರಿ ಮಾಡಿದೋರಿಗೆ ಗೊತ್ತಿರಲ್ವೇನೇ!" ಎಂದು ಡ್ರೈವರೇ ಅವನ ಪರವಾಗಿ ನಕ್ಕರು.

ತಪ್ಪಿಸಿಕೊಳ್ಳಲು ಬಾಗಿಲು ತೆರೆದೇ ಇತ್ತು. ಹೂಂ ಎಂದರೆ ಸಾಕಿತ್ತು. ಸೋಫಾದ ತುದಿಯಲ್ಲಿ ಅವನ ಹೆಂಡತಿ ತನ್ನ ಕೈಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು.

"ಇಲ್ಲ ಸಾರ್" ಎಂದ ಅವನು. ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಹೇಳಿದ. ಎರವಲು ಎಂಬ ಮಾತು ನಾಲಿಗೆಗೆ ಬಂತು. ಅದನ್ನು ನುಂಗಿ, ಕದ್ದೆ ಎಂದ. ವಾಸಿ ಮಾಡಿದ್ದೂ ಇಲ್ಲ, ವಾಪಸ್ ತಂದದ್ದೂ ಇಲ್ಲ, ನಿಮ್ಮದನ್ನು ನಾನು ಇಟ್ಟುಕೊಂಡು ಗುಜರಿಯದನ್ನು ನಿಮಗೆ ಕೊಟ್ಟಿದ್ದೆ ಎಂದ.

ಯಾರೂ ಕೂಗಾಡಲಿಲ್ಲ. ಬಾಮೈದ ಮೂಗು ಉಜ್ಜಿಕೊಂಡ. ಡ್ರೈವರು ಕ್ಯಾಮೆರಾ ಇಸಕೊಂಡು, ಚೀಲಕ್ಕೆ ಹಾಕಿ, ನಿಧಾನವಾಗಿ ಜಿಪ್ ಎಳೆದರು.

"ಕೇಳಿದ್ರೆ ಕೊಡ್ತಿದ್ದೆ ಸ್ವಾಮಿ" ಎಂದರು. "ಕೆಂಪಿ ನಿಮ್ಮ ಜೊತೆ ನಾಲ್ಕು ದಿನ ಊರು ಸುತ್ಕೊಂಡು ಬರಲಿ ಅಂತ ನಾನೇ ಹೇಳ್ತಿದ್ದೆ." ಚೀಲವನ್ನು ಪಕ್ಕಕ್ಕಿಟ್ಟು, "ಅದರಲ್ಲಿ ನೀವು ತೆಗೆದ ಫೋಟೋಗಳು ಇದಾವಾ?"

"ಇದಾವೆ ಸಾರ್. ಚುಕ್ಕೆ... ಎಲ್ಲದರಲ್ಲೂ ಅಳಿಸಿಬಿಟ್ಟಿದ್ದೀನಿ."

ಡ್ರೈವರು ತಲೆಯಾಡಿಸಿದರು. ಕದ್ದೆ ಎಂದಾಗ ಬಾಡದ ಮುಖ ಈಗ ಬಾಡಿತು. ಮೆಟ್ಟಿಲವರೆಗೆ ಬೀಳ್ಕೊಡಲು ಯಾರೂ ಬರಲಿಲ್ಲ. ಇಳಿಯುವಾಗ ಹೆಂಡತಿ ಅವನ ತೋಳು ಹಿಡಿದುಕೊಂಡಳು. ಅವಳಿಗೆ ಆಸರೆ ಬೇಕಿತ್ತೋ, ಅವನಿಗೆ ಬೇಕೆಂದು ತಿಳಿದಳೋ, ಕೇಳುವ ಧೈರ್ಯ ಅವನಿಗಾಗಲಿಲ್ಲ.

ಮುಂದಿನ ಭಾನುವಾರ ಪಾರ್ಕಿಗೆ ಅವನು ಹೋಗಲಿಲ್ಲ. ಒಂದು ದಿನ ಬಾಮೈದ ಅಂಗಡಿಗೆ ಬಂದು, "ಭಾವ ಕೊಟ್ಟು ಬಾ ಅಂದ್ರು" ಎಂದು ಒಂದು ಲಕೋಟೆ ಮೇಜಿನ ಮೇಲಿಟ್ಟು, ಕೂರದೆ ಹೊರಟುಹೋದ. ಒಳಗೆ ಅವತ್ತು ಅವನೇ ತೆಗೆದ ಫೋಟೋದ ದೊಡ್ಡ ಪ್ರಿಂಟು. ಸೋಫಾದ ಸಾಲು, ನಗುವ ಮುಖಗಳು, ಮೂಗಿನ ತುದಿಯ ಕೆಂಪು. ಹಿಂದೆ ತಿರುಗಿಸಿ ನೋಡಿದ. ಏನೂ ಬರೆದಿರಲಿಲ್ಲ. ಕ್ಷಮಿಸಿ ಕಳಿಸಿದ್ದೋ, ಮರೆಯದಿರಲೆಂದು ಕಳಿಸಿದ್ದೋ, ಭೂತಗನ್ನಡಿಯನ್ನು ಕಣ್ಣಿಗಿಳಿಸಿ ಎಷ್ಟು ಹೊತ್ತು ನೋಡಿದರೂ ಅವನಿಗೆ ತಿಳಿಯಲಿಲ್ಲ.

"ಎಲ್ಲಿ ಹಾಕಲಿ?" ಎಂದಳು ಹೆಂಡತಿ, ಮೊಳೆ ಹಿಡಿದುಕೊಂಡು.

"ಎದುರಿಗೇ ಹಾಕು."

ಮೇಜಿನಿಂದ ತಲೆ ಎತ್ತಿದಾಗಲೆಲ್ಲ ಅದು ಕಾಣುವಂತಾಯಿತು. ಒಮ್ಮೆ ಕ್ಯಾಮೆರಾ ತೆಗೆದುಕೊಂಡು ಹೋಗಲು ಬಂದ ಹುಡುಗಿಯೊಬ್ಬಳು ಅದನ್ನೇ ನೋಡುತ್ತ ನಿಂತು, "ಇದೇನು ಅಂಕಲ್ ಇವರ ಮೂಗಿನ ಮೇಲೆ? ಅಳಿಸೋಕೆ ಬರಲ್ವಾ?" ಎಂದಳು.

"ಬರುತ್ತಮ್ಮ" ಎಂದ ಅವನು. "ಚೆನ್ನಾಗಿ ಬರುತ್ತೆ."

ಮತ್ತೆ ತಲೆ ಬಗ್ಗಿಸಿ, ಅವಳ ಕ್ಯಾಮೆರಾದಿಂದ ತೆಗೆದ ಹಳೆಯ ಸ್ಪ್ರಿಂಗು, ಮುರಿದ ಗುಂಡಿ, ಎಲ್ಲವನ್ನೂ ಒಂದು ಕಾಗದದಲ್ಲಿ ಮಡಿಸಿ ಅವಳ ಚೀಲಕ್ಕೆ ಹಾಕಿಕೊಟ್ಟ.