ಸೂಜಿ ಡಾಕ್ಟರಮ್ಮನ ಮುಂದೆ ಅತ್ತೆ ಸೊಸೆ

ನಮ್ಮೂರು ಸಗರದಲ್ಲಿ ನಮ್ಮ ಹೊಲಕ್ಕೆ ಕಾಲುವೆ ನೀರು ಬಂದ ವರ್ಷ ಎಲ್ಲರೂ ನೀರಿಗೆ ಆರತಿ ಬೆಳಗಿದರು. ನನ್ನ ಕೈಗೆ ಯಾರೂ ಬೆಳಗಲಿಲ್ಲ. ನೀರು ಬಂತೆಂದರೆ ಭತ್ತ ಬಂತು, ಭತ್ತ ಬಂತೆಂದರೆ ನಾಟಿಗೆ ಆಳುಗಳು ಬಂದರು, ಆಳುಗಳು ಬಂದರೆಂದರೆ ರೊಟ್ಟಿ. ಹೊಲದಲ್ಲಿ ಅಕ್ಕಿ ಬೆಳೆದರೇನು, ನಮ್ಮ ಮಂದಿಯ ಹೊಟ್ಟೆಗೆ ಜೋಳದ ರೊಟ್ಟಿಯೇ ಆಗಬೇಕು. ಹಾಗೆ ವರ್ಷಗಟ್ಟಲೆ ಬಡಿದೂ ಬಡಿದೂ ಒಂದು ದಿನ ನನ್ನ ಬಲಗೈಯ ಮೂರು ಬೆರಳಿಗೆ ಜೋಮು ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ. ಮೊಣಕೈತನಕ ಕರೆಂಟು ಹೊಡೆದಂಥ ನೋವು ಬೇರೆ.

ರೊಟ್ಟಿ ಬಡಿಯಲು ಕಣ್ಣಿಗಿಂತ ಬೆರಳು ಬೇಕು. ಎಲ್ಲಿ ದಪ್ಪ, ಎಲ್ಲಿ ತೆಳು, ಎಲ್ಲಿ ಹರಿಯುತ್ತದೆ ಎಂದು ಅದೇ ಹೇಳಬೇಕು. ನನ್ನವು ಏನೂ ಹೇಳಲೊಲ್ಲವು. ಓಣಿಯಲ್ಲಿ ನನ್ನ ರೊಟ್ಟಿಗೆ ಸಾಟಿಯಿಲ್ಲವೆಂದು ಮೆರೆದವಳು ನಾನು. ಈಗ ಹಂಚಿಗೆ ಹಾಕುವಷ್ಟರಲ್ಲಿ ಎರಡು ಹೋಳು. ಈ ಕೈಯೂ ಹೋದರೆ ನನ್ನ ಹತ್ತಿರ ಮತ್ತೇನಿದೆ ಎಂದು ಒಲೆ ಮುಂದೆ ಕೂತು ಅತ್ತಿದ್ದೇನೆ, ಹೊಗೆಯ ನೆಪ ಹೇಳಿ.

ಶಹಾಪುರಕ್ಕೆ ಅಕ್ಯುಪಂಕ್ಚರ್ ಮಾಡುವ ಡಾಕ್ಟರಮ್ಮ ಬಂದಿದ್ದಾಳೆಂದು ತಿಳಿದು ಹೊರಟೆ. ನನಗಿಂತ ಮುಂಚೆ ಅತ್ತೆ ಸೆರಗು ಸರಿಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದರು. “ನಾನೂ ಬರ್ತೀನಿ. ನಿನಗ ದವಾಖಾನ್ಯಾಗ ಮಾತಾಡಾಕ ಬರಂಗಿಲ್ಲ,” ಅಂದರು.

ಡಾಕ್ಟರಮ್ಮ ಮೈಸೂರು ಕಡೆಯ ಹುಡುಗಿ, ನನ್ನ ಮಗಳ ವಯಸ್ಸಿನವಳು. ಕೂದಲಿನಂಥ ಸೂಜಿ ತೆಗೆದಳು. ಅತ್ತೆ ಬಗ್ಗಿ ನೋಡಿದರು.

“ಇಷ್ಟೇನಾ? ನಮ್ಮ ಹೊಲದಾಗಿನ ಜಾಲಿಮುಳ್ಳು ಇದಕ್ಕಿಂತ ಜಬರ್ದಸ್ತ್ ಅದ. ಔಷಧ ಎಲ್ಲಿ ತುಂಬ್ತೀರಿ?”

“ಔಷಧ ಇಲ್ಲ ಅಮ್ಮ, ಬರೀ ಸೂಜಿ.”

“ಬರೀ ಸೂಜಿ ಚುಚ್ಚಿಸ್ಕೊಳ್ಳಾಕ ಬಸ್ ಹತ್ತಿ ಬಂದೀವೇನು!”

ಹುಡುಗಿ ಬೆಚ್ಚಿದಳು. ಅತ್ತೆ ಬೈಯುತ್ತಿರಲಿಲ್ಲ, ಮಾತಾಡುತ್ತಿದ್ದರು. ಆ ಕಡೆಯವರಿಗೆ ಎರಡೂ ಒಂದೇ ಕೇಳಿಸುತ್ತದೆ.

ಮಣಿಕಟ್ಟಿಗೆ, ಮೊಣಕೈಗೆ, ಯಾಕೋ ಏನೋ ಕಾಲಿಗೂ ಸೂಜಿ ನೆಟ್ಟು ಮಲಗಿಸಿದಳು. ಮುಗಿದ ಮೇಲೆ, “ಈಗ ಹೇಗಿದೆ?” ಎಂದು ಕೇಳಿದಳು. ಅಷ್ಟು ಕಷ್ಟಪಟ್ಟವರ ಮುಂದೆ ‘ಕಡಿಮೆ ಆಗಿಲ್ಲ’ ಅನ್ನಲು ನಮ್ಮವರಿಗೆ ಬಾಯಿ ಬರುವುದಿಲ್ಲ. ಉಣಬಡಿಸಿದವರ ಎದುರಿಗೆ ಸಾರಿಗೆ ಉಪ್ಪಿಲ್ಲ ಅಂದಂತಾಗುತ್ತದೆ. “ಭಾಳ ಆರಾಮ ಆಗ್ಯಾದ್ರಿ,” ಅಂದೆ. ಖರೆ ಹೇಳಬೇಕೆಂದರೆ ಎರಡು ಸಲ ಹೋಗಿ ಬಂದ ಮೇಲೆ ನೋವು ಕೊಂಚ ತಗ್ಗಿತ್ತು. ಬೆರಳು ಮಾತ್ರ ಹಾಗೇ ಕಟ್ಟಿಗೆ. ನಾನು ಮಾತ್ರ ಹೋದಾಗಲೆಲ್ಲ ಆರಾಮ, ಆರಾಮ ಎನ್ನುತ್ತಲೇ ಇದ್ದೆ.

ನಾಲ್ಕನೆಯ ಸಲ ಪಾಪ ಹುಡುಗಿ ನಂಬಿಯೇಬಿಟ್ಟಳು. “ಇವತ್ತು ಪರೀಕ್ಷೆ ಮಾಡಿ ಮುಗಿಸಿಬಿಡೋಣ. ಕಣ್ಣು ಮುಚ್ಚಿ, ಬೆರಳಿಗೆ ಏನು ತಾಕ್ತಿದೆ ಹೇಳಿ,” ಅಂದಳು. ಮುಚ್ಚಿದೆ. ಏನೂ ತಾಕಲಿಲ್ಲ. ಆದರೆ ಝಣ್ ಎಂದದ್ದು ಕೇಳಿಸಿತು.

“ಕೀಲಿಕೈ ಗೊಂಚಲರಿ!” ಅಂದೆ.

“ವಾಹ್!” ಎಂದಳು ಡಾಕ್ಟರಮ್ಮ.

“ವಾಹ್ ಏನ್ ವಾಹ್!” ಹಿಂದಿನಿಂದ ಅತ್ತೆ ಗುಡುಗಿದರು. “ಸಪ್ಪಳಾ ಕೇಳಿ ಹೇಳ್ಯಾಳ ಇಕಿ. ಇಕಿಗೆ ಏನೂ ಗೊತ್ತಾಗವಲ್ದು!”

ನನ್ನ ಸಿಟ್ಟು ನೆತ್ತಿಗೇರಿತು. “ನನ್ನ ಕೈಯಾಗಿಂದು ನಿಮಗೇನ್ ಗೊತ್ತರಿ ಅತ್ತಿ?”

“ಗೊತ್ತಿಲ್ಲೇನು? ನಾನೂ ಹಿಂಗ ಆರಾಮ ಅದೀನಿ, ಆರಾಮ ಅದೀನಿ ಅನಕೋತ ಎಷ್ಟು ಡಾಕ್ಟರಗೋಳಿಗೆ ಕೈ ಮುಗದು ಬಂದೀನಿ!”

ಅಂದವರೇ ನಾಲಿಗೆ ಕಚ್ಚಿಕೊಂಡರು.

ನಾನು ಮದುವೆಯಾಗಿ ಬಂದ ಎರಡನೆಯ ವರ್ಷ, “ಇನ್ನ ಒಲಿ ನಿಂದು,” ಎಂದು ಅತ್ತೆ ಹಿಟ್ಟಿನ ಮುಂದಿನಿಂದ ಎದ್ದು ಹೋದವರು ತಿರುಗಿ ಕೂತಿರಲಿಲ್ಲ. ಸೊಕ್ಕು ಅಂದುಕೊಂಡಿದ್ದೆ. ರೊಟ್ಟಿ ಬಡಿಯುವಾಗಲೆಲ್ಲ ಮನಸ್ಸಿನಲ್ಲೇ ಬೈದಿದ್ದೆ, ಅದೂ ಸಣ್ಣ ಬೈಗುಳವಲ್ಲ. ಕೈ ಸತ್ತಿದೆಯೆಂದು ಒಂದು ಮಾತು ಹೇಳಬಾರದಿತ್ತೇ? ನನಗೆ ನಾಚಿಕೆಯೂ ಆಯಿತು, ಅವರ ಮೇಲೆ ಇನ್ನಷ್ಟು ಸಿಟ್ಟೂ ಬಂತು.

“ಏಳಿ ಅಮ್ಮ, ಅವರು ಕೂತ್ಕೊಳ್ಳಲಿ,” ಎಂದು ಡಾಕ್ಟರಮ್ಮ ನನ್ನನ್ನು ಎಬ್ಬಿಸಿದಳು. ಅತ್ತೆ ಗೊಣಗುತ್ತಲೇ ಬಂದು ಕೂತರು, ಕೈ ಚಾಚಿ ಕಣ್ಣು ಮುಚ್ಚಿದರು. ಈ ಸಲ ಹುಡುಗಿ ಕೀಲಿಕೈ ಮುಟ್ಟಲಿಲ್ಲ. ತಟ್ಟೆಯಲ್ಲಿದ್ದ ಹತ್ತಿ ತೆಗೆದು ಅತ್ತೆಯ ಬೆರಳುಗಳ ಮೇಲೆ ಇಟ್ಟಳು. ನಡು ಬಗ್ಗುವತನಕ ಹೊಲದಲ್ಲಿ ಹತ್ತಿ ಬಿಡಿಸಿದ ಬೆರಳು ಅವು.

ಅತ್ತೆ ಕಣ್ಣು ಇನ್ನೂ ಬಿಗಿಯಾಗಿ ಮುಚ್ಚಿಕೊಂಡರು. ಆಮೇಲೆ, “ಕಣ್ ಮುಚ್ಚೀನಿ ತಾಯಿ, ಇಡ್ರಿ ಲಗೂನ,” ಅಂದರು.

ಡಾಕ್ಟರಮ್ಮ ನನ್ನ ಮುಖ ನೋಡಿದಳು.

“ಇಟ್ಟಾರ್ರಿ ಅತ್ತಿ,” ಅಂದೆ. “ಆಗಳೇ ಇಟ್ಟಾರ.”