ಅಕ್ಕಿ ದೇಶದ ಪೆಟ್ಟಿಗೆ

ಜಪಾನಿ ಭಾಷೆ ಸ್ವಲ್ಪ ಕಲಿತಿದ್ದೆ, ಸ್ವಲ್ಪ ಅಂದರೆ ಸ್ವಲ್ಪವೇ. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಕೆಟ್ಟು ನಿಂತ ಯಂತ್ರ ರಿಪೇರಿಗೆ ಬಂದ ಜಪಾನಿ ಎಂಜಿನಿಯರ್‌ಗೆ ನಾನು ದುಭಾಷಿ. ಅದು ನನ್ನ ಮೊದಲ ಕೆಲಸ. ಅವರು ತಂದ ಪೆಟ್ಟಿಗೆಯೊಂದರ ಮೇಲಿದ್ದ ಎರಡು ಅಕ್ಷರ ಓದಿ, “ಅಕ್ಕಿ ದೇಶ” ಎಂದೆ.

“ಅಂದ್ರ ನಮ್ದ ಬಿಡ್ರಿ!” ಎಂದು ಗಿರಣಿ ಮಾಲೀಕರು ಬಿಚ್ಚಿಯೇಬಿಟ್ಟರು.

ಎಂಜಿನಿಯರ್ ಓಡಿಬಂದರು. ಒಳಗಿದ್ದ ಬಿಡಿಭಾಗ ಅಮೆರಿಕದ ಗಿರಾಕಿಗಂತೆ. ಆ ಎರಡು ಅಕ್ಷರ ಸೇರಿದರೆ ಅಮೆರಿಕ ಎಂದೇ ಅರ್ಥವಂತೆ. ಅಮೆರಿಕದ ‘ಮೆ’ ಸದ್ದಿಗೆ ಹಿಂದಿನ ಕಾಲದ ಜಪಾನಿಯರು ಅಕ್ಕಿಯ ಅಕ್ಷರ ಹಚ್ಚಿದ್ದರಂತೆ, ಅಷ್ಟೇ. ನನ್ನ ಕೆಲಸ ಹೋಯಿತೆಂದುಕೊಂಡು ಮಾಲೀಕರಿಗೆ ಇದನ್ನೆಲ್ಲ ವಿವರಿಸಿದೆ.

“ಹಂಗಾರ ಇಂಡಿಯಾಕ್ಕ ಏನಂತಾರ್ರಿ?”

“‘ಇನ್’ ಸದ್ದಿಗೆ ಮುದ್ರೆಯ ಅಕ್ಷರ. ಮುದ್ರೆ ಅಂದರೆ ಸೀಲು.”

“ಅದು ಖರೆ ಐತಿ ನೋಡ್ರಿ. ಯಾವ ಆಫೀಸಿಗೆ ಹೋದ್ರೂ ಅದನ್ನ ಕೇಳ್ತಾರ!”

ಮಾಲೀಕರು ಜೋರಾಗಿ ನಕ್ಕರು. ಅವರ ನಗು ಕಂಡು ಎಂಜಿನಿಯರ್ ಕೂಡ ನಕ್ಕರು. ಆ ಮಾತನ್ನು ಮಾತ್ರ ನಾನು ಅನುವಾದಿಸಲು ಹೋಗಲಿಲ್ಲ.