ಹೂ ಬಿಡದ ಗಿಡ ಕೇಳಿದ ಕಾಲೊನಿ

ತೆಲಂಗಾಣ ಪ್ರತ್ಯೇಕ ರಾಜ್ಯವಾದ ಮೇಲಿನ ಮೂರನೆಯ ಬೇಸಿಗೆ. ನಾನಾಗ ಹೈದರಾಬಾದಿನಲ್ಲಿ ತೋಟಗಾರಿಕೆ ಅಧಿಕಾರಿ. ನಗರದೊಳಗೆ ಮರ ಕಡಿಯಲು ಅರ್ಜಿ ಬಂದರೆ ಸ್ಥಳಕ್ಕೆ ಹೋಗಿ ನೋಡಿ ವರದಿ ಕೊಡುವುದು ನನ್ನ ಕೆಲಸ. ನಮ್ಮ ವಂಶದಲ್ಲಿ ಪದವಿ ಕಂಡ ಮೊದಲಿಗ ನಾನು. ರಜೆ ಬಂದರೆ ಬಾಲಾನಗರದ ನರ್ಸರಿಯಲ್ಲಿ ಕುಂಡಕ್ಕೆ ಮಣ್ಣು ತುಂಬಿ ಫೀಸು ಕಟ್ಟಿ ಸಸ್ಯಶಾಸ್ತ್ರ ಓದಿದವನು. ಆ ಬಿ.ಎಸ್ಸಿ. ಯಾರೂ ದಾನ ಕೊಟ್ಟದ್ದಲ್ಲ. ಹಾಗಾಗಿ ಓದಿದವರು ಬೇಕೆಂದೇ ದಡ್ಡರಾಗುವುದನ್ನು ಕಂಡರೆ ಇವತ್ತಿಗೂ ಮೈ ಉರಿಯುತ್ತದೆ.

ಅರ್ಜಿ ಮೆಹದಿಪಟ್ಟಣಂ ಹತ್ತಿರದ ಕಾಲೊನಿಯೊಂದರಿಂದ ಬಂದಿತ್ತು. ಗೇಟಿನ ಹೊರಗೆ, ರಸ್ತೆಯಂಚಿನಲ್ಲಿರುವ ಐದು ಹೊಂಗೆ ಮರಗಳ ಹೂವಿನಿಂದ ನಿವಾಸಿಗಳಿಗೆ ಅಲರ್ಜಿಯಂತೆ. 'ಹೂ ಬಿಡುವ ಜಾತಿ'ಯನ್ನೆಲ್ಲ ತೆಗೆದು 'ಹೂ ಬಿಡದ ಜಾತಿ' ನೆಡಲು ಸಂಘ ತೀರ್ಮಾನಿಸಿದೆಯಂತೆ.

ಗೇಟಿಗೆ ಹತ್ತಿದ ಮೊದಲ ಮನೆಯೇ ಸಂಘದ ಅಧ್ಯಕ್ಷರದು. ನಿವೃತ್ತ ಎಂಜಿನಿಯರು, ವಿಜಯಪುರದ ಕಡೆಯಿಂದ ಬಂದ, ಮೂರು ತಲೆಮಾರಿನಿಂದ ಓದಿದ ಅಧಿಕಾರಿಗಳ ಮನೆತನ. ನನ್ನ ಕನ್ನಡ ಕೇಳಿ ಮುಖ ಅರಳಿಸಿದರು.

"ಅರೆ, ನೀವು ನಮ್ಮ ಕಡಿಯವ್ರ ಅದೀರಲ್ರಿ! ಚಾ ಕುಡೀರಿ, ಸೈ ಮಾಡ್ರಿ, ಮುಗೀತು. ಬಿಸಲಾಗ ಯಾಕ ತಿರಗ್ತೀರಿ?"

"ಅಲರ್ಜಿ ಯಾರಿಗ್ರಿ?"

"ಎಲ್ಲಾರಿಗೂ."

"ಒಬ್ಬರ ಹೆಸರು ಹೇಳ್ರಿ."

ಅವರು ಚಹಾದ ಕಡೆ ಕೈ ತೋರಿಸಿದರು.

ಸಸ್ಯಗಳ ದೊಡ್ಡ ಗುಂಪುಗಳು ಹೈಸ್ಕೂಲಿನ ಪಾಠ. ನಿಂತ ನೀರಿನ ಪಾಚಿ ಒಂದು. ಒದ್ದೆ ಗೋಡೆಗೆ ಅಂಟುವ ಹಾವಸೆ ಬ್ರಯೋಫೈಟ. ಅದಕ್ಕೆ ನೀರು ಸಾಗಿಸುವ ನಾಳವಿಲ್ಲ. ಜರೀಗಿಡ ಟೆರಿಡೋಫೈಟ, ನಾಳ ಉಂಟು, ಬೀಜವಿಲ್ಲ. ಪೈನ್, ಸೈಕಸ್ ಮುಂತಾದವು ಜಿಮ್ನೋಸ್ಪರ್ಮ್. ಬೀಜ ಉಂಟು, ಹೂವಿಲ್ಲ. ಹೂ ಬಿಟ್ಟು ಬೀಜವನ್ನು ಕಾಯಿಯೊಳಗೆ ಮುಚ್ಚಿಡುವುದು ಆಂಜಿಯೋಸ್ಪರ್ಮ್. ನಮ್ಮ ಅಂಗಳದಲ್ಲಿ ಕಾಣುವ ಹಸಿರಿನ ಬಹುಪಾಲು ಇದೇ. ಆ ಕಾಲೊನಿಯ ಬಿದಿರು, ತೆಂಗು, ಕರಿಬೇವು, ಲಾನಿನ ಹುಲ್ಲು, ಎಲ್ಲವೂ ಹೂ ಬಿಡುವ ಜಾತಿಯೇ ಎಂದು ಅವರಿಗೆ ಹೇಳಿದೆ.

"ಹುಲ್ಲಿಗೂ ಹೂವೇನ್ರಿ? ಚೇಷ್ಟಾ ಮಾಡಾಕತ್ತೀರೇನು?" ಎಂದರು ಅಧ್ಯಕ್ಷರು.

ಲಾನಿನ ಅಂಚಿನಲ್ಲಿ ಕತ್ತರಿಗೆ ಸಿಗದೆ ಉಳಿದ ತೆನೆಯೊಂದನ್ನು ಕಿತ್ತು ಅವರ ಅಂಗೈ ಮೇಲೆ ತಟ್ಟಿದೆ. ಸಣ್ಣ ಪುಡಿ ಉದುರಿತು. "ಇದು ಪರಾಗರಿ. ಗಾಳ್ಯಾಗ ಹಾರಿ ಮೂಗಿಗೆ ಬರೂದು ಇದು. ಹೊಂಗಿ ಪರಾಗ ಜೇನು ಹೊರತಾವು." ಬದಲಿಗೆ ನೆಡಲು ತರಿಸಿಟ್ಟಿದ್ದ ಕ್ರಿಸ್ಮಸ್ ಮರದ ಸಸಿಗಳಿಗೆ ಹೂವಿಲ್ಲ ನಿಜ, ಆದರೆ ಅವೂ ಬೆಳೆದ ಮೇಲೆ ಗಾಳಿಗೇ ಪರಾಗ ಬಿಡುವಂಥವು. ಎಂಜಿನಿಯರು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಕಲಿಯುವ ಮನಸ್ಸಿದ್ದರೆ ತಾನೆ!

ಗೇಟು ದಾಟಿದ ಮೇಲೆ ನಿಜವಾದ ಅಲರ್ಜಿ ಕಂಡಿತು. ಹೊಂಗೆಯ ಕೆಳಗೆ ಇಸ್ತ್ರಿ ಬಂಡಿ. ಯಾದಗಿರಿ ಕಡೆಯ ಶಾಂತಮ್ಮ ಕೆಂಡದ ಪೆಟ್ಟಿಗೆಯನ್ನು ಅಂಗಿಯ ಮೇಲೆ ಎಳೆಯುತ್ತಿದ್ದಳು.

"ಹೂವಿನ ಕಥಿ ಹೇಳಿದ್ರೇನ್ರಿ ಸಾಹೇಬ್ರ? ಗೇಟಿನ ಮುಂದ ಬಂಡಿ ಚಂದ ಕಾಣಂಗಿಲ್ಲಂತ. ರಸ್ತಾ ಇವರಪ್ಪಂದಲ್ಲ, ಎಬ್ಬಸಾಕ ಬರಂಗಿಲ್ಲ. ನೆರಳು ಕಡದ್ರ ಕೆಂಡದ ಮುಂದ ಹ್ಯಾಂಗ ನಿಂತಾಳು, ತಾನ ಹೋಗ್ತಾಳಂತ ಲೆಕ್ಕ ಹಾಕ್ಯಾರ."

"ಬ್ಯಾರೆ ಕಡೆ ಬಂಡಿ ಹಚ್ಚಾಕ ಆಗಂಗಿಲ್ಲೇನವ್ವಾ?"

"ಈ ಮನಿಗಳ ಬಟ್ಟೀನ ನನ್ನ ಅನ್ನ ಐತ್ರಿ. ಎಲ್ಲಿಗೆ ಹೋಗ್ಲಿ?"

"ಅಕಿ ಮಾತೇನ್ ಕೇಳ್ತೀರಿ? ಸಂಘದ ತೀರ್ಮಾನ ಐತಿ," ಎಂದು ನನ್ನ ಹಿಂದೆಯೇ ಬಂದಿದ್ದ ಅಧ್ಯಕ್ಷರು ಗದರಿದರು.

"ತೀರ್ಮಾನದ ಪ್ರಕಾರನ ಹೋಗೂಣ್ರಿ. ಹೂ ಬಿಡೂದೆಲ್ಲಾ ತಗೀಬೇಕಂತ ಬರದೀರಿ. ಮೊದಲ ನಿಮ್ಮ ಅಂಗಳದ ತುಳಸಿ ಕೀಳಸ್ತೀನಿ."

ಅಂಗಳದಲ್ಲಿ ಕಟ್ಟೆಗೆ ನೀರೆರೆಯುತ್ತಿದ್ದ ಅವರ ವೃದ್ಧ ತಾಯಿ ತಂಬಿಗೆ ಹಿಡಿದೇ ಗೇಟಿಗೆ ಬಂದು ಮಗನ ಮೇಲೆ ಹರಿಹಾಯ್ದರು.

"ಏನ್ ಬರದೀಯೋ? ತುಳಸಿ ಕೀಳಸ್ತೀಯಾ? ಅಲರ್ಜಿ ಅಂತ, ಅಲರ್ಜಿ! ಹುಟ್ಟಿದಾಗಿಂದ ಒಮ್ಮಿ ನೆಟ್ಟಗ ಸೀನಿಲ್ಲ ನೀ!"

ಶಾಂತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ, ನಕ್ಕೇಬಿಟ್ಟೆ.

ಮರಗಳು ಆರೋಗ್ಯವಾಗಿವೆ, ಅಲರ್ಜಿಗೆ ಆಧಾರವಿಲ್ಲ, ಕಡಿಯಲು ಅನುಮತಿ ಕೊಡಬಾರದು ಎಂದು ವರದಿ ಬರೆದೆ. ಮೇಲಿನಿಂದ ಫೋನು ಬಂತು. ದೊಡ್ಡ ಮನುಷ್ಯರು, ಸ್ವಲ್ಪ ನೋಡಿ ಎಂದರು. ಹುಲ್ಲು, ತುಳಸಿ ಹೂ ಬಿಡುವುದಿಲ್ಲವೆಂದು ಅಧ್ಯಕ್ಷರ ಮನೆಯವರು ಯಾರಾದರೂ ಬರೆದು ಸಹಿ ಮಾಡಿ ಕಳಿಸಲಿ, ವರದಿ ಬದಲಿಸುತ್ತೇನೆ ಎಂದೆ. ಆ ಮೂರು ತಲೆಮಾರಿನ ವಿದ್ಯಾವಂತರಲ್ಲಿ ಒಬ್ಬರಿಗೂ ಸಹಿ ಹಾಕಲು ಕೈ ಬರಲಿಲ್ಲ. ಹೊಂಗೆ ನಿಂತವು, ಬಂಡಿಯೂ ನಿಂತಿತು.

ಅನಂತರ ನಿವೃತ್ತಿಯವರೆಗೂ ನಾನು ಒಂದು ಕ್ರಮ ಪಾಲಿಸಿದೆ. ಮರ ಕಡಿಯಲು ಯಾರಾದರೂ ವಿಜ್ಞಾನ ಹೇಳತೊಡಗಿದರೆ ಮರದ ಹೆಸರು, ಗುಂಪು ಎಲ್ಲ ಆಮೇಲೆ. ಮೊದಲು ಅದರ ನೆರಳಿನಲ್ಲಿ ಯಾರು ನಿಂತಿದ್ದಾರೆಂದು ನೋಡುತ್ತಿದ್ದೆ.